ಎಡಗೈಯ ಮೂಲೆ

ಬಡವರ ಮನೆಯ ಹೆಂಗಸಿಗೆ ರಕ್ತ ಕಮ್ಮಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅದು ಹಣೆಬರಹದ ಕೆಳಗಿನ ಸಾಲಿನಲ್ಲಿ ಮೊದಲೇ ಬರೆದಿಟ್ಟ ಮಾತು. ರಕ್ತ ಜಾಸ್ತಿ ಎಂದು ಹೇಳಿ ನೋಡಿ, ಡಾಕ್ಟರ ಕೋಣೆಯ ಹೊರಗೆ ಕೂತ ಜವಾನನಿಂದ ಹಿಡಿದು ಹೆತ್ತ ತಾಯಿಯವರೆಗೆ ಎಲ್ಲರೂ ನಗುತ್ತಾರೆ. ಕೆಂಪಿಗೆ ರೋಗಕ್ಕಿಂತ ಮೊದಲು ತಗುಲಿಕೊಂಡದ್ದು ಈ ನಗು.

ಕೆಂಪಿ ಎನ್ನುವುದು ಲಾಂಡ್ರಿಯಲ್ಲಿ ಅವಳಿಗೆ ಬಿದ್ದ ಅಡ್ಡಹೆಸರು. ಆಸ್ಪತ್ರೆ, ಹಾಸ್ಟೆಲು, ಹೋಟೆಲುಗಳ ಹಾಸು ಹೊದಿಕೆಗಳನ್ನೆಲ್ಲ ಒಗೆದು, ಇಸ್ತ್ರಿ ಮಾಡಿ, ಮಡಿಸಿ ಕಳಿಸುವ ದೊಡ್ಡ ಲಾಂಡ್ರಿ ಅದು. ನೂರಾ ಇಪ್ಪತ್ತು ಹೆಂಗಸರು, ತಲೆಯ ಮೇಲೆ ತಗಡು, ಮೈಸುತ್ತ ಉಗಿ. ಅಲ್ಲಿ ಉಳಿದವರ ಮುಖವೆಲ್ಲ ಬೆಂದ ಬಟ್ಟೆಯ ಬಣ್ಣಕ್ಕೆ ತಿರುಗುತ್ತಿದ್ದರೆ ಅವಳೊಬ್ಬಳ ಮುಖ ಎರಡು ವರ್ಷದಿಂದ ದಿನೇ ದಿನೇ ಕೆಂಪೇರುತ್ತ ಬಂದಿತ್ತು. ಯಾವ ಕ್ರೀಮು ಹಚ್ಚುತ್ತೀಯೇ ಎಂದು ಹೆಂಗಸರು ಕೇಳಿದರು. ಸೂಪರ್‌ವೈಸರ್ ಒಮ್ಮೆ ತೀರಾ ಹತ್ತಿರ ಬಂದು ಬಾಯಿಯ ವಾಸನೆ ನೋಡಿ ಹೋದ. ಮನೆಯಲ್ಲಿ ಅತ್ತೆಯಂತೂ, "ನಮ್ಮನೆ ಅನ್ನ ಅವಳ ಮೈಗೆ ಹತ್ತಿದೆ" ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು.

ಆ ಮನೆಯ ಹಿರಿಸೊಸೆಗೂ ಅದೇ ಲಾಂಡ್ರಿಯಲ್ಲೇ ಕೆಲಸ. ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಗಂಡ ತೀರಿಕೊಂಡು ಆರು ವರ್ಷ. ಕೆಂಪಿಯ ಗಂಡ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹೀಗಾಗಿ ಎರಡು ಕೋಣೆಯ ಮನೆಯಲ್ಲಿ ಅತ್ತೆ ಮತ್ತು ಇಬ್ಬರು ಓರಗಿತ್ತಿಯರು. ಓರಗಿತ್ತಿಯರೆಂದರೆ ಹಾವು ಮುಂಗುಸಿಯ ಹಾಗಿರಬೇಕು ಎಂಬ ಲೋಕರೂಢಿಯನ್ನು ಇವರೂ ಮೊದಲ ಒಂದು ವರ್ಷ ಚಾಚೂ ತಪ್ಪದೆ ಪಾಲಿಸಿದ್ದರು. ಇಬ್ಬರೂ ಒಂದೇ ರೋಲರಿಗೆ ಬಿದ್ದ ಮೇಲೆ ಅದಕ್ಕೆ ಪುರುಸೊತ್ತಾಗಲಿಲ್ಲ.

ರೋಲರ್ ಎಂದರೆ ಆಳೆತ್ತರದ ಬಿಸಿ ಉರುಳೆ. ಮುಂದುಗಡೆಯಿಂದ ಒದ್ದೆ ಹಾಸು ಒಳಗೆ ಹೋಗಿ ಹಿಂದುಗಡೆಯಿಂದ ಸುಡುಸುಡು ಎನ್ನುತ್ತ ಚಪ್ಪಟೆಯಾಗಿ ಬರುತ್ತದೆ. ಅಲ್ಲಿ ಇಬ್ಬರು ಹೆಂಗಸರು ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಒಂದು ಹೆಜ್ಜೆ ಹಿಂದೆ ಸರಿದು ಝಾಡಿಸಿ, ಒಂದು ಹೆಜ್ಜೆ ಮುಂದೆ ಬಂದು ಮೂಲೆಗೆ ಮೂಲೆ ಕೂಡಿಸಬೇಕು. ನಾಲ್ಕು ಮಡಿಕೆ. ಮುಗಿಯುವಷ್ಟರಲ್ಲಿ ಮುಂದಿನ ಹಾಸು ನಾಲಿಗೆ ಚಾಚಿರುತ್ತದೆ. ಇಂಥ ಇಬ್ಬರನ್ನು ಜೋಡಿ ಎನ್ನುತ್ತಾರೆ. ಏಳು ವರ್ಷ ಎದುರುಬದುರು ನಿಂತ ಜೋಡಿಗೆ ಕಣ್ಣು ಬೇಕಾಗಿಲ್ಲ. ಎದುರಿನವಳು ರಾತ್ರಿ ಮಲಗಿದಳೋ ಇಲ್ಲವೋ, ಅತ್ತಳೋ, ಮುಟ್ಟಾದಳೋ ಎಲ್ಲವೂ ಬಟ್ಟೆಯ ಬಿಗಿಯಲ್ಲೇ ಈ ಕೈಗೆ ಗೊತ್ತಾಗುತ್ತದೆ.

ಹಾಗಿದ್ದೂ ರೋಗ ಏನೆಂದು ಗೊತ್ತಾಗಲು ಎರಡು ವರ್ಷ ಹಿಡಿಯಿತು. ಸ್ನಾನ ಮುಗಿಸಿ ಬಂದರೆ ಸಾಕು, ಕೆಂಪಿಗೆ ಮೈಯೆಲ್ಲ ಸೂಜಿ ಚುಚ್ಚಿದಂಥ ಕೆರೆತ. ಒಂದು ಗುಳ್ಳೆಯಿಲ್ಲ, ದದ್ದಿಲ್ಲ. ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ಬೆರಳ ತುದಿಗಳು ಕೆಂಡ ಹಿಡಿದಂತೆ ಉರಿದವು. ರೋಲರಿನ ಶಾಖ ಎಂದರು. ತಲೆನೋವಿಗೆ ಕನ್ನಡಕ ಬಂತು. ಕನ್ನಡಕದೊಳಗಿನಿಂದಲೂ ಕಣ್ಣ ಮುಂದೆ ಮಿಂಚುಹುಳ ಹಾರಿದವು. ಅರ್ಧ ಊಟಕ್ಕೇ ಹೊಟ್ಟೆ ತುಂಬುತ್ತಿತ್ತು; ಹೊಸ ವಿಶೇಷವೇನಾದರೂ ಇದೆಯಾ ಎಂದು ಅತ್ತೆ ಬೆರಳು ಎಣಿಸಿದಳು.

ಕೊನೆಗೆ ದೊಡ್ಡಾಸ್ಪತ್ರೆಯ ಮುದಿ ಡಾಕ್ಟರೊಬ್ಬರು ಅವಳ ಮುಖವನ್ನೂ ಕಣ್ಣಿನ ಕೆಂಪನ್ನೂ ನೋಡಿ, ಅವಳು ಬಾಯಿ ಬಿಡುವ ಮೊದಲೇ ಕೇಳಿದರು. "ಸ್ನಾನ ಆದ್ಮೇಲೆ ಕೆರೆತ ಬರುತ್ತೇನಮ್ಮ?"

ಕೆಂಪಿ ಅಲ್ಲೇ ಅತ್ತುಬಿಟ್ಟಳು. ಎರಡು ವರ್ಷದಲ್ಲಿ ಅವಳನ್ನು ನಂಬಿದ ಮೊದಲ ಪ್ರಶ್ನೆ ಅದು.

"ಮೂಳೆ ಒಳಗೆ ರಕ್ತ ತಯಾರಾಗುತ್ತೆ. ನಿನ್ನಲ್ಲಿ ಅದಕ್ಕೆ ಸಾಕು ಅನ್ನೋದು ಮರೆತುಹೋಗಿದೆ," ಎಂದರು ಡಾಕ್ಟರು. "ರಕ್ತ ಜಾಸ್ತಿಯಾಗಿ ಗಟ್ಟಿಯಾಗ್ತಿದೆ. ಗಟ್ಟಿಯಾದ್ರೆ ಎಲ್ಲಾದ್ರೂ ಹೆಪ್ಪುಗಟ್ಟುತ್ತೆ. ಕಾಲಲ್ಲೋ, ಎದೇಲೋ, ತಲೇಲೋ."

"ವಾಸಿಯಾಗುತ್ತಾ ಸಾರ್?" ಎಂದು ಕೇಳಿದ್ದು ದೊಡ್ಡಕ್ಕ.

"ವಾಸಿಯಾಗಲ್ಲ. ಸಂಭಾಳಿಸ್ಕೊಂಡು ಹೋಗಬಹುದು. ಇಪ್ಪತ್ತು ವರ್ಷ ಹೋದವರಿದ್ದಾರೆ. ಆರಾರು ವಾರಕ್ಕೊಮ್ಮೆ ಒಂದು ಚೀಲ ರಕ್ತ ತೆಗೆಸಬೇಕು. ದಿನಾ ಈ ಸಣ್ಣ ಮಾತ್ರೆ. ನೀರು ಚೆನ್ನಾಗಿ ಕುಡೀಬೇಕು. ಬಿಸಿನೀರಿಂದ ದೂರ ಇರಬೇಕು. ಕಬ್ಬಿಣದ ಮಾತ್ರೆ ಮಾತ್ರ ಯಾರು ಕೊಟ್ರೂ ಮುಟ್ಟಬಾರದು. ಉರಿಯೋ ಒಲೆಗೆ ಸೌದೆ ಹಾಕಿದ ಹಾಗೆ."

"ತೆಗೆದ ರಕ್ತ ಯಾರಿಗಾದ್ರೂ ಕೊಡ್ತೀರಾ?" ಎಂದಳು ಕೆಂಪಿ, ಕಣ್ಣೊರೆಸಿಕೊಳ್ಳುತ್ತ.

"ಇಲ್ಲಮ್ಮ, ಚೆಲ್ತೀವಿ."

"ನೋಡು ಅಕ್ಕ, ಜನ್ಮದಲ್ಲಿ ಒಂದೇ ಒಂದು ವಸ್ತು ಜಾಸ್ತಿ ಕೊಟ್ಟ ದೇವರು. ಅದನ್ನೂ ಚೆಲ್ಲೋದಂತೆ."

ಡಾಕ್ಟರು ಒಂದು ಹಾಳೆ ಕೊಟ್ಟರು. ಮೇಲರ್ಧದಲ್ಲಿ ಇದ್ದದ್ದು ಮುಂದಿನ ಸಲ ಬಂದಾಗ ಹೇಳಬೇಕಾದ ಚಿಹ್ನೆಗಳು. ಕೆಳಗಿನರ್ಧ, ಕಂಡ ಗಳಿಗೆಯಲ್ಲೇ ಎದ್ದುಬಿದ್ದು ಓಡಿಬರಬೇಕಾದವು. ಕೆಂಪಿಗೆ ಓದು ಬರುತ್ತಿತ್ತು, ದೊಡ್ಡಕ್ಕನಿಗೆ ಬರುತ್ತಿರಲಿಲ್ಲ. ಆದರೆ ಕೆಂಪಿ ಹಾಳೆಯನ್ನು ಪೆಟ್ಟಿಗೆಯಲ್ಲಿಟ್ಟು ಮರೆತಳು; ದೊಡ್ಡಕ್ಕ ಅವಳಿಂದ ನಾಲ್ಕು ಸಲ ಓದಿಸಿ ಬಾಯಿಪಾಠ ಮಾಡಿಕೊಂಡಳು. ಬಸ್ಸಿನಲ್ಲಿ, ನಲ್ಲಿಯ ಮುಂದೆ, ರೋಲರಿನ ಸದ್ದಿನ ಕೆಳಗೆ ಮಗ್ಗಿಯಂತೆ ಹೇಳಿಕೊಳ್ಳುತ್ತಿದ್ದಳು. ಎದೆ ಹಿಂಡಿದರೆ ಓಡು. ಒಂದೇ ಕಾಲು ಊದಿದರೆ ಓಡು. ಒಂದು ಕಣ್ಣು ಕತ್ತಲಾದರೆ ಓಡು. ಮಾತು ತೊದಲಿದರೆ ಓಡು. ಇದ್ದಕ್ಕಿದ್ದಂತೆ ಒಂದು ಕೈಯ ಬಲ ಹೋದರೆ ಓಡು.

ಅತ್ತೆ ಇದನ್ನೆಲ್ಲ ಕೇಳಿ ಎಲೆಯಂತೆ ಒಣಗಿದ ಕೈಯನ್ನು ಗಾಳಿಯಲ್ಲಿ ಆಡಿಸಿದಳು. "ನಮ್ಮ ಕಾಲದಲ್ಲಿ ಜಾಸ್ತಿ ಅನ್ನೋ ಕಾಯಿಲೆ ಇರಲಿಲ್ಲ. ಜಾಸ್ತಿ ಅನ್ನೋದೇ ಇರಲಿಲ್ಲ."

ಲಾಂಡ್ರಿಯಲ್ಲಿ ಸೋಮವಾರ ಬೆಳಿಗ್ಗೆ ಕಬ್ಬಿಣದ ಮಾತ್ರೆಯ ಪೂಜೆ. ಮಾಲೀಕರು ಹೆಂಗಸರ ಆರೋಗ್ಯಕ್ಕೆಂದು ಮಾಡಿದ ಏರ್ಪಾಡು ಅದು. ಗೋಡೆಯ ಮೇಲೆ ಅದರ ಫೋಟೋ ಇತ್ತು. ನೂರಾ ಇಪ್ಪತ್ತು ಹೆಂಗಸರು ಸಾಲಾಗಿ ನಿಂತು, ವೆಲ್‌ಫೇರ್ ಮೇಡಂ ಎದುರಿಗೆ ಒಂದೊಂದು ಮಾತ್ರೆ ನುಂಗಿ, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಕೆಂಪಿ ಡಾಕ್ಟರ ಚೀಟಿ ಹಿಡಿದುಕೊಂಡು ಹೋದಳು.

ಮೇಡಂ ಚೀಟಿಯನ್ನು ತಿರುಗಿಸಿ ನೋಡಿ ನಕ್ಕರು. "ರಕ್ತ ಜಾಸ್ತಿನಾ? ಹೆಂಗಸರಿಗಾ? ಒಳ್ಳೆ ಕಥೆ ಕಟ್ಟಿದೀಯ. ಮಾತ್ರೆ ನುಂಗಿದ್ರೆ ವಾಂತಿ ಬರುತ್ತೆ ಅಂತ ನೇರವಾಗಿ ಹೇಳು."

"ಡಾಕ್ಟರೇ ಬರ್ಕೊಟ್ಟಿದಾರೆ ಮೇಡಂ."

"ನನ್ನ ಪಟ್ಟಿಯಲ್ಲಿ ನೂರಾ ಇಪ್ಪತ್ತು ಹೆಸರಿದೆ. ನೂರಾ ಹತ್ತೊಂಬತ್ತು ಅಂತ ಬರ್ಕೊಂಡು ಹೋದ್ರೆ ನನ್ನನ್ನ ಕೇಳ್ತಾರೆ. ಬಾಯಿ ತೆಗಿ."

ಅಂದಿನಿಂದ ದೊಡ್ಡಕ್ಕ ಸಾಲಿನಲ್ಲಿ ಕೆಂಪಿಯ ಹಿಂದೆಯೇ ನಿಲ್ಲತೊಡಗಿದಳು. ಕೆಂಪಿ ದವಡೆಯ ಮೂಲೆಯಲ್ಲಿ ಮಾತ್ರೆ ಒತ್ತಿಟ್ಟುಕೊಂಡು, ಮೇಡಂ ದಾಟಿದ ಮೇಲೆ ಕೈಗೆ ಉಗುಳಿ ಹಿಂದಕ್ಕೆ ಕೊಡುತ್ತಿದ್ದಳು. ನೆಲಕ್ಕೆ ಬಿದ್ದ ಮಾತ್ರೆ ಸಿಕ್ಕರೆ ಇಡೀ ಸಾಲಿಗೆ ಶಿಕ್ಷೆ. ಹಾಗಾಗಿ ದೊಡ್ಡಕ್ಕ ಅದನ್ನೂ ನುಂಗುತ್ತಿದ್ದಳು.

"ಎರಡೆರಡು ಕಬ್ಬಿಣ ತಿಂತಿದೀಯ, ಮಳೇಲಿ ನೆನೆದರೆ ತುಕ್ಕು ಹಿಡೀತೀಯ," ಎಂದು ಕೆಂಪಿ ನಗಿಸುತ್ತಿದ್ದಳು.

"ನಿನ್ನ ರಕ್ತ ನೀನು ಚೆಲ್ಲು, ನನ್ನದು ನಾನು ಮಾಡ್ಕೋತೀನಿ. ಮನೆಯಲ್ಲಿ ಒಟ್ಟು ಸರಿಹೋಗುತ್ತೆ."

ಹೀಗೆ ಒಂದು ವರ್ಷ ಸಾಗಿತು. ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕುರ್ಚಿ ಒಂದೇ, ಅದು ತೆರೆಯುವುದು ಗುರುವಾರ ಮಾತ್ರ. ಗುರುವಾರ ರಜೆ ಬೇಕೆಂದರೆ ಸೂಪರ್‌ವೈಸರ್ ಹಣೆ ಚಚ್ಚಿಕೊಳ್ಳುತ್ತಿದ್ದ. "ಒಬ್ಬಳು ಹೋದ್ರೆ ಜೋಡಿ ಹೋಯ್ತು, ಜೋಡಿ ಹೋದ್ರೆ ರೋಲರ್ ಹೋಯ್ತು. ನಿಮ್ಮ ಡಾಕ್ಟರಿಗೆ ಭಾನುವಾರ ಏನು ರೋಗ?" ಆದರೂ ಹೇಗೋ ಹೋಗಿ ಬರುತ್ತಿದ್ದರು. ಕುರ್ಚಿಯ ಮೇಲೆ ಹಾಸಿದ ಬಟ್ಟೆಯನ್ನು ನೋಡಿ ಕೆಂಪಿ ಅಂಚು ಮುಟ್ಟಿ, "ಇದು ನಮ್ಮ ಕೈದಲ್ಲ ಬಿಡು, ಮೂರನೇ ರೋಲರಿನವರದ್ದು, ಮಡಿಕೆ ನೋಡು ಎಷ್ಟು ಸೊಟ್ಟ," ಎನ್ನುತ್ತಿದ್ದಳು. ರಕ್ತ ಹೋದ ಎರಡು ದಿನಕ್ಕೆ ತಲೆ ಹಗುರಾಗುತ್ತಿತ್ತು, ಮಿಂಚುಹುಳ ಕಾಣೆಯಾಗುತ್ತಿತ್ತು, ಮುಖ ಮನುಷ್ಯರ ಬಣ್ಣಕ್ಕೆ ಬರುತ್ತಿತ್ತು.

ಈ ಸಲ ಆರು ವಾರ ತುಂಬಿದ ಗುರುವಾರ ರಜೆ ಸಿಗಲಿಲ್ಲ. ಹೊಸ ಹೋಟೆಲಿನ ಕೆಲಸ ಬಂದಿತ್ತು. ಮುಂದಿನ ಗುರುವಾರ ಖಂಡಿತ ಎಂದು ಸೂಪರ್‌ವೈಸರ್ ತನ್ನ ತಲೆಯ ಮೇಲೇ ಕೈಯಿಟ್ಟು ಹೇಳಿದ.

ಮರುದಿನ ಶುಕ್ರವಾರ. ಊಟದ ನಂತರದ ನಾಲ್ಕನೆಯ ಹಾಸಿನಲ್ಲಿ ಕೆಂಪಿಯ ಎಡಗೈಯ ಮೂಲೆ ಒಂದು ಬೆರಳಷ್ಟು ತಡವಾಗಿ ಬಂತು.

ಬೇರೆ ಯಾರ ಕಣ್ಣಿಗೂ ಅದು ಬೀಳುವಂಥದಲ್ಲ. ದೊಡ್ಡಕ್ಕನ ಬಲಗೈ, ಅವಳನ್ನೂ ಕೇಳದೆ, ಅರ್ಧ ಹೆಜ್ಜೆ ಮುಂದೆ ಹೋಗಿ ಆ ಮೂಲೆಯನ್ನು ಎತ್ತಿಕೊಂಡಿತು. ಮಡಿಕೆ ಸರಿಯಾಯಿತು. ಐದನೆಯದರಲ್ಲೂ ಹಾಗೇ ಆಯಿತು. ಏಳು ವರ್ಷದ ಅಭ್ಯಾಸ. ಜೋಡಿಯಲ್ಲಿ ಒಬ್ಬಳಿಗೆ ಜ್ವರ ಬಂದರೆ, ಒಬ್ಬಳು ಬಸುರಿಯಾದರೆ, ಇನ್ನೊಬ್ಬಳು ಬಾಗಿ, ನೀಡಿ, ಎಳೆದು ಸರಿದೂಗಿಸುವುದೇ ಅಲ್ಲಿನ ಧರ್ಮ. ಅದಕ್ಕೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಸರಿದೂಗಿಸದವಳನ್ನು ಮಾತ್ರ ಜನ್ಮವಿಡೀ ನೆನಪಿಟ್ಟುಕೊಳ್ಳುತ್ತಾರೆ.

ಇಪ್ಪತ್ತನೆಯ ಹಾಸಿನ ಹೊತ್ತಿಗೆ ದೊಡ್ಡಕ್ಕ ಮಡಿಸುತ್ತಲೇ ಆ ಕೈಯನ್ನೇ ನೋಡತೊಡಗಿದ್ದಳು. ಬಾಯಿಪಾಠ ತಾನಾಗಿ ಓಡಿತು. ಇದ್ದಕ್ಕಿದ್ದಂತೆ ಒಂದು ಕೈಯ ಬಲ ಹೋದರೆ ಓಡು. ಅವಳು ತನ್ನೊಳಗೇ ವಾದಕ್ಕಿಳಿದಳು. ಬಲ ಹೋಗಿಲ್ಲವಲ್ಲ, ತಡವಾಗುತ್ತಿದೆ ಅಷ್ಟೆ. ಇದ್ದಕ್ಕಿದ್ದಂತೆಯೂ ಅಲ್ಲ, ಬೆರಳಷ್ಟು ಬೆರಳಷ್ಟೇ. ಕೈ ಮಡಿಸುತ್ತಿದೆ, ಹಿಡಿಯುತ್ತಿದೆ. ಗುರುವಾರಕ್ಕೆ ಆರೇ ದಿನ. ರಕ್ತ ತೆಗೆದರೆ ಎಲ್ಲ ಇಳಿಯುತ್ತದೆ, ಇದೂ ಇಳಿಯುತ್ತದೆ.

ಈ ವಾದದ ಹಿಂದೆ ಇನ್ನೊಂದು ಹೆದರಿಕೆ ಕೂತಿತ್ತು. ರೋಲರಿಗೆ ಆಗದವರು ತೊಟ್ಟಿಗೆ: ಇದು ಲಾಂಡ್ರಿಯ ಕಾನೂನು. ತೊಟ್ಟಿಕೋಣೆಯೆಂದರೆ ಕುದಿಯುವ ನೀರಲ್ಲಿ ಮೊಣಕೈವರೆಗೆ ಮುಳುಗಿ ಆಸ್ಪತ್ರೆಯ ಕಲೆ ಬಿಡಿಸುವುದು. ಒಂದು ಚೊಂಬು ಬಿಸಿನೀರಿಗೆ ಮೈ ಪರಚಿಕೊಳ್ಳುವವಳನ್ನು ಅಲ್ಲಿ ನಿಲ್ಲಿಸಿದರೆ ಅವಳು ಎರಡು ದಿನಕ್ಕೆ ತಾನಾಗಿಯೇ ಬಿಟ್ಟು ಹೋಗುತ್ತಾಳೆ. ಯಾರನ್ನೂ ಕೆಲಸದಿಂದ ತೆಗೆಯದೆಯೇ ತೆಗೆಯುವ ಜಾಣತನ ಅದು.

ಸಂಜೆ ಬಸ್ಸಿನಲ್ಲಿ ಕೆಂಪಿಯೇ ಕೇಳಿದಳು. "ಅಕ್ಕ, ನನ್ನ ಮೂಲೆ ಸರಿ ಬರ್ತಿದೆಯಾ? ಯಾಕೋ ಎಡಗೈ ಮರೆತುಹೋದ ಹಾಗಿರುತ್ತೆ."

"ಬರ್ತಿದೆ," ಎಂದಳು ದೊಡ್ಡಕ್ಕ. "ಇವತ್ತು ಒಂದಾದ್ರೂ ಮಡಿಕೆ ತಪ್ಪಿತಾ?"

"ಇಲ್ಲ."

"ಮತ್ತೆ?"

ಕೆಂಪಿ ಸಮಾಧಾನವಾಗಿ ಕಿಟಕಿಗೆ ತಲೆ ಒರಗಿಸಿದಳು. ಮಡಿಕೆಯ ಸಾಕ್ಷಿ ಎದುರಿಗಿದ್ದಾಗ ಯಾರು ತಾನೆ ತನ್ನ ಕೈಯನ್ನು ಅನುಮಾನಿಸುತ್ತಾರೆ?

ಶನಿವಾರ ಎರಡು ಬೆರಳು. ಮಂಗಳವಾರಕ್ಕೆ ಒಂದು ಗೇಣು. ದೊಡ್ಡಕ್ಕ ಈಗ ಅರ್ಧ ಹೆಜ್ಜೆಯ ಬದಲು ಪೂರ್ತಿ ಒಂದೂವರೆ ಹೆಜ್ಜೆ ಹಾಕುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಅದು ಹೊಸ ಚುರುಕಿನ ಹಾಗೆ ಕಂಡಿತು. "ದೊಡ್ಡಕ್ಕನ್ನ ನೋಡಿ ಕಲೀರಿ," ಎಂದು ಸೂಪರ್‌ವೈಸರ್ ಪಕ್ಕದ ರೋಲರಿನವರಿಗೆ ಹೇಳಿದ. "ಈ ವಯಸ್ಸಲ್ಲಿ ಹೆಂಗೆ ಕುಣೀತಿದಾಳೆ." ಅವಳ ಭುಜದ ಕೀಲು ರಾತ್ರಿಯೆಲ್ಲ ಗರಗಸ ಹಾಕಿದಂತೆ ನೋಯುತ್ತಿತ್ತು.

ಗುರುವಾರ ಬಂತು. ರಜೆ ಸಿಕ್ಕಿತು. ರಕ್ತ ತೆಗೆಯುವ ಕೋಣೆಯ ಬಾಗಿಲಿಗೆ ಬೀಗ. ಪಕ್ಕದ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ ತಲೆ ಎತ್ತದೆ ಹೇಳಿದ. "ಚೀಲ ಬಂದಿಲ್ಲ. ಮುಂದಿನ ಗುರುವಾರ."

"ಬರೀ ಚೀಲ ಅಲ್ವಾ ಸಾರ್, ಹೊರಗಡೆ ಸಿಗೋದಾದ್ರೆ ನಾವೇ ತರ್ತೀವಿ," ಎಂದಳು ಕೆಂಪಿ.

"ಅದೇನು ತರಕಾರಿ ಚೀಲಾನಾ? ಮುಂದಿನ ಗುರುವಾರ ಅಂದೆನಲ್ಲ."

ಇಬ್ಬರೂ ಗೇಟಿನವರೆಗೆ ಬಂದರು. ದೊಡ್ಡಕ್ಕ ನೀರಿನ ಬಾಟಲಿ ಮರೆತೆ ಎಂದು ಸುಳ್ಳು ಹೇಳಿ, ಕೆಂಪಿಯನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಒಬ್ಬಳೇ ಕಿಟಕಿಗೆ ವಾಪಸು ಓಡಿದಳು. "ಸಾರ್, ಅವಳ ಎಡಗೈ ಹಿಂದೆ ಬೀಳ್ತಿದೆ. ಆರು ದಿನದಿಂದ. ಅವಳಿಗೆ ಗೊತ್ತಿಲ್ಲ."

"ಅದನ್ನ ಡಾಕ್ಟರಿಗೆ ಹೇಳಬೇಕಮ್ಮ."

"ಎಲ್ಲಿದಾರೆ?"

"ಅವರು ಬರೋದು ಗುರುವಾರ."

"ಇವತ್ತು ಗುರುವಾರವೇ ಅಲ್ವಾ ಸಾರ್?"

"ಚೀಲ ಇಲ್ಲದ ಗುರುವಾರ ಅವರಿಗೇನು ಕೆಲಸ?" ಎಂದ ಗುಮಾಸ್ತ. ಅವನೇನೂ ಕೆಟ್ಟವನಲ್ಲ. ಅವಳ ಮುಖ ನೋಡಿ ಒಂದು ಕ್ಷಣ ಪೆನ್ನು ಕೆಳಗಿಟ್ಟ. "ತೀರಾ ಜಾಸ್ತಿಯಾದ್ರೆ ತುರ್ತು ವಿಭಾಗಕ್ಕೆ ಕರ್ಕೊಂಡು ಹೋಗಿ. ನಡ್ಕೊಂಡು ಹೋದವರನ್ನ ಅಲ್ಲಿ ಸೇರಿಸ್ಕೊಳ್ಳಲ್ಲ, ಅದನ್ನೂ ಹೇಳಿಬಿಡ್ತೀನಿ."

ಕೆಂಪಿ ನಡೆದುಕೊಂಡೇ ಬಂದಿದ್ದಳು. ಗೇಟಿನ ಹತ್ತಿರದ ಬೆಂಚಿನಲ್ಲಿ ಕೂತು ಯಾರದೋ ಮಗುವಿಗೆ ಬಲಗೈಯಿಂದ ಚಿಟಿಕೆ ಹೊಡೆದು ನಗಿಸುತ್ತಿದ್ದಳು. ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಬೇರೆಯವರು ಇಟ್ಟುಹೋದ ಸಾಮಾನಿನ ಹಾಗೆ. ಇಷ್ಟು ಚೆನ್ನಾಗಿ ನಗುವವಳನ್ನು ತುರ್ತು ಎಂದು ಯಾರ ಮುಂದೆ ನಿಲ್ಲಿಸುವುದು? ದೊಡ್ಡಕ್ಕ ಅವಳನ್ನು ಎಬ್ಬಿಸಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ದಾರಿಯಲ್ಲಿ ಎರಡು ಸಲ ಹೇಳಲು ಬಾಯಿ ತೆರೆದಳು. ಎರಡು ಸಲವೂ, ಹೇಳಿದರೆ ಆಗುವುದೇನು ಎಂದು ಯೋಚಿಸಿದಳು. ಭಯ ಮಾತ್ರ ಜಾಸ್ತಿಯಾಗುತ್ತದೆ. ಚೀಲ ಬರುವುದಿಲ್ಲ.

ಭಾನುವಾರದ ರಜೆ ಬಿಟ್ಟು ಮುಂದಿನ ಮೂರು ದಿನ ಅವಳು ಒಬ್ಬಳೇ ಇಬ್ಬರ ಕೆಲಸ ಮಾಡಿದಳು ಎಂದರೆ ಅದು ಪೂರ್ತಿ ಸುಳ್ಳಲ್ಲ. ಕೆಂಪಿಯ ಎಡ ಮೂಲೆಯನ್ನು ರೋಲರಿನ ಬಾಯಲ್ಲೇ ತಾನು ಹಿಡಿದು, ಝಾಡಿಸುವ ಹೊತ್ತಿಗೆ ಅವಳ ಬೆರಳ ಸಂದಿಗೆ ಸಿಕ್ಕಿಸಿ, ಕೂಡಿಸುವ ಹೊತ್ತಿಗೆ ವಾಪಸು ಕಿತ್ತುಕೊಳ್ಳುತ್ತಿದ್ದಳು. ಎಷ್ಟು ನಾಜೂಕಾಗಿ ಎಂದರೆ ಕೆಂಪಿ ಪಕ್ಕದವರ ಜೊತೆ ಹರಟುತ್ತಲೇ ಇದ್ದಳು. ಅವಳಿಗೆ ತನ್ನ ಎಡಗೈ ಕೆಲಸ ಮಾಡುತ್ತಿದೆ ಎಂದೇ ಪೂರ್ತಿ ನಂಬಿಕೆ.

ಮಂಗಳವಾರ, ಹನ್ನೊಂದೂವರೆ. ಚಹಾ ಮುಗಿಸಿ ಬಂದು ನಿಂತಿದ್ದರು. ಹಾಸು ಬಂತು. ಕೆಂಪಿಯ ಎಡಗೈ ಏಳಲೇ ಇಲ್ಲ. ದೊಡ್ಡಕ್ಕ ಅದನ್ನೂ ಹಿಡಿದಳು. ನಾಲ್ಕೂ ಮೂಲೆ ತನ್ನ ಕೈಗೇ ತೆಗೆದುಕೊಂಡು, ಎದೆಗೆ ಅವುಚಿ, ಗಲ್ಲದಲ್ಲಿ ಒತ್ತಿ ಮಡಿಸಿಟ್ಟಳು. ಎರಡನೆಯದನ್ನೂ ಹಾಗೇ ಮಡಿಸಿದಳು. ಮೂರನೆಯದನ್ನೂ. ಮನುಷ್ಯರಿಗೆ ಬುದ್ಧಿ ನಿಂತ ಮೇಲೂ ಕೈ ಎಷ್ಟು ಹೊತ್ತು ಓಡುತ್ತದೆಯೋ ಅಷ್ಟು ಹೊತ್ತು ಅವಳು ಮಡಿಸಿದಳು. ನಾಲ್ಕನೆಯದು ಬರುವಾಗ ಕೆಂಪಿ "ಅಕ್ಕ" ಎಂದಳು. ಆ ಮಾತು ಬಾಯಿಯ ಒಂದು ಪಕ್ಕದಿಂದ ಜಾರಿ ಬಿತ್ತು, ಅರ್ಧ ನಾಲಿಗೆಯಲ್ಲಿ.

ದೊಡ್ಡಕ್ಕ ರೋಲರಿನ ಮೇಲೆ ತೂಗುವ ಕೆಂಪು ಹಗ್ಗ ಎಳೆದಳು. ಉರುಳೆ ನರಳಿ ನಿಂತಿತು. ಒಳಗೆ ಸಿಕ್ಕ ಹಾಸು ಸುಟ್ಟ ವಾಸನೆ.

"ಯಾರು ಎಳೆದಿದ್ದು?" ಎಂದು ಓಡಿ ಬಂದ ಸೂಪರ್‌ವೈಸರ್, ನೆಲದ ಮೇಲೆ ಕೂತಿದ್ದ ಕೆಂಪಿಯನ್ನು ನೋಡಿ ಹೆಂಗಸರನ್ನು ಕೂಗಿ ಕರೆದ. ಅವನ ಬಾಯಿ ಎಂಥದ್ದೇ ಇರಲಿ, ಅವಳ ಕಾಲುಗಳನ್ನು ಎತ್ತಿ ಹಿಡಿದವನೂ ಅವನೇ. ಮಡಿಸಿದ ಹಾಸುಗಳನ್ನು ಆಸ್ಪತ್ರೆಗೆ ಒಯ್ಯುವ ವ್ಯಾನು ಬಾಗಿಲಲ್ಲಿತ್ತು. ಬಟ್ಟೆ ಬಿಟ್ಟು ಬೇರೇನೂ ಹೇರಬಾರದು ಎಂದು ಡ್ರೈವರ್ ಗೊಣಗಿದ, ಗೊಣಗುತ್ತಲೇ ಗಂಟುಗಳನ್ನು ಸರಿಸಿ ಜಾಗ ಮಾಡಿದ.

ತುರ್ತು ವಿಭಾಗದಲ್ಲಿ ಈ ಸಲ ಯಾರೂ ಗುರುವಾರದ ಮಾತೆತ್ತಲಿಲ್ಲ. ಹೊತ್ತುಕೊಂಡು ಬಂದಿದ್ದರಲ್ಲ. ಎಳೆ ವಯಸ್ಸಿನ ಡಾಕ್ಟರಮ್ಮ, ನಿದ್ದೆಗೆಟ್ಟ ಕಣ್ಣಿನವಳು, ಗಾಲಿಮಂಚದ ಜೊತೆಗೇ ಓಡುತ್ತ ಕೆಲಸ ಮಾಡಿದಳು. ತಲೆಯ ಚಿತ್ರ ತೆಗೆಸಿ ತಂದು ದೀಪಕ್ಕೆ ಹಿಡಿದು ನೋಡಿದಳು. ನರ್ಸ್ ಒಂದು ಸಣ್ಣ ಸೀಸೆ ಒಡೆದು ಸಿರಿಂಜಿಗೆ ಎಳೆದುಕೊಂಡು ನಿಂತಳು.

"ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕೂತಿದೆ," ಎಂದಳು ಡಾಕ್ಟರಮ್ಮ. "ಕರಗಿಸೋ ಮದ್ದು ಇದೆ. ಶುರುವಾಗಿ ನಾಲ್ಕು ಗಂಟೆ ಒಳಗಾದ್ರೆ ಕೊಡ್ತೀವಿ, ಕೈ ವಾಪಸ್ ಬರಬಹುದು. ಹಳೇದಾದ್ರೆ ಕೊಡೋ ಹಾಗಿಲ್ಲ. ಹಳೇ ಪೆಟ್ಟಿನ ಜಾಗದಲ್ಲಿ ರಕ್ತ ಸೋರಿ ಜೀವಕ್ಕೇ ಬರುತ್ತೆ. ಚಿತ್ರದಲ್ಲಿ ಒಂದು ಕಡೆ ಮಸುಕಾಗಿದೆ, ನನಗೆ ನಿಖರವಾಗಿ ಹೇಳೋಕಾಗ್ತಿಲ್ಲ. ಕೈ ಯಾವಾಗ ಸೋತಿದ್ದು?"

"ಹನ್ನೊಂದೂವರೆಗೆ ಮೇಡಂ," ಎಂದ ಸೂಪರ್‌ವೈಸರ್. "ಅಲ್ಲೀವರೆಗೂ ನೆಟ್ಟಗೆ ಕೆಲಸ ಮಾಡಿದಾಳೆ. ಎರಡು ವಾರದಲ್ಲಿ ಈ ಜೋಡಿದು ಒಂದು ಮಡಿಕೆ ವಾಪಸ್ ಬಂದಿಲ್ಲ. ಬೇಕಾದ್ರೆ ಪುಸ್ತಕ ತರಿಸ್ತೀನಿ."

"ನೀವು ಹೇಳಿ," ಎಂದು ಡಾಕ್ಟರಮ್ಮ ಕೆಂಪಿಯ ಮೇಲೆ ಬಾಗಿದಳು.

"ಇ...ವತ್ತು," ಎಂದಳು ಕೆಂಪಿ. ಕಣ್ಣಲ್ಲಿ ಆಸೆ. ಸುಳ್ಳು ಹೇಳುತ್ತಿರಲಿಲ್ಲ ಅವಳು. ಅವಳಿಗೆ ಗೊತ್ತಿದ್ದ ಸತ್ಯ ಅಷ್ಟೇ.

ಗಡಿಯಾರ ಹನ್ನೆರಡೂ ಕಾಲು ತೋರಿಸುತ್ತಿತ್ತು. ನರ್ಸ್ ಕೆಂಪಿಯ ಬಲಗೈಯ ನರ ಹುಡುಕಿ, ಹತ್ತಿಯಿಂದ ಒರೆಸಿದಳು. ಕೋಣೆಯಲ್ಲಿದ್ದ ಉಳಿದ ನಾಲ್ಕು ಜನರೂ ಇವತ್ತು ಎಂಬ ಒಂದೇ ಮಾತಿನ ಮೇಲೆ ನಿಂತಿದ್ದರು. ಆ ಮಾತನ್ನು ಹಾಗೆ ನಿಲ್ಲಿಸಿದವಳು ದೊಡ್ಡಕ್ಕ. ಹನ್ನೊಂದು ದಿನ ತನ್ನ ಭುಜ ಕೊಟ್ಟು ಎತ್ತಿ ನಿಲ್ಲಿಸಿದ್ದಳು. ಈಗ ಸುಮ್ಮನಿದ್ದರೆ ಮದ್ದು ಸಿಗುತ್ತದೆ, ಆ ಮದ್ದೇ ಕೊಲ್ಲಬಹುದು. ಬಾಯಿ ಬಿಟ್ಟರೆ ಮದ್ದು ಕೈತಪ್ಪುತ್ತದೆ, ಅದರೊಂದಿಗೆ ಕೆಂಪಿಯ ಕೈಯೂ.

"ಇವತ್ತಲ್ಲ," ಎಂದಳು. ಯಾರಿಗೂ ಕೇಳಲಿಲ್ಲ. ಎರಡನೇ ಸಲ ಹೇಳಿದಳು. "ಇವತ್ತಲ್ಲ ಮೇಡಂ. ಹೋದ ವಾರದ ಹಿಂದಿನ ಶುಕ್ರವಾರದಿಂದ. ಹನ್ನೊಂದು ದಿನ."

"ಏನು ಮಾತಾಡ್ತಿದೀಯ ದೊಡ್ಡಕ್ಕ?" ಎಂದ ಸೂಪರ್‌ವೈಸರ್. "ನಾನೇ ನೋಡಿದೀನಲ್ಲ."

"ನೀವು ನೋಡಿದ್ದು ನನ್ನ ಕೈ ಸಾರ್."

ಡಾಕ್ಟರಮ್ಮ ನರ್ಸಿಗೆ ಕಣ್ಣಲ್ಲೇ ಹೇಳಿದಳು. ಸಿರಿಂಜಿನ ಸೂಜಿಗೆ ಮುಚ್ಚಳ ಬಿತ್ತು. "ಹನ್ನೊಂದು ದಿನ," ಎಂದಳು ಡಾಕ್ಟರಮ್ಮ. ಬೈಗುಳದ ದನಿಯಲ್ಲ, ದಣಿವಿನ ದನಿ. "ಇಂಥ ರೋಗ ಇಟ್ಕೊಂಡು ಹನ್ನೊಂದು ದಿನ ಮನೆಯಲ್ಲಿ ಇದ್ರಾ? ಮೊದಲೇ ಯಾಕೆ ಬರಲಿಲ್ಲ?"

"ಬಂದಿದ್ವಿ."

"ಎಲ್ಲಿಗೆ?"

"ಇಲ್ಲಿಗೇ. ಗುರುವಾರ. ಚೀಲ ಇರಲಿಲ್ಲ."

ಡಾಕ್ಟರಮ್ಮ, ರಕ್ತ ಈಗಲೇ ತೆಗೆಯಿರಿ, ಗಟ್ಟಿಯಾಗಿದೆ, ಕಾಯೋ ಹಾಗಿಲ್ಲ ಎಂದು ನರ್ಸಿಗೆ ಹೇಳಿದಳು. ನರ್ಸ್ ಗೋಡೆಯ ಕಪಾಟು ತೆರೆದಳು. ಒಳಗೆ ಮೂರು ಅಟ್ಟ ತುಂಬ ಚೀಲಗಳಿದ್ದವು, ಹೊಸವು, ಪ್ಲಾಸ್ಟಿಕ್ಕಿನ ಹೊದಿಕೆಯನ್ನೂ ಬಿಚ್ಚದವು. ಕುರ್ಚಿಯಿಲ್ಲ, ಚೀಟಿಯಿಲ್ಲ, ಸರದಿಯಿಲ್ಲ. ಮಂಗಳವಾರ ಮಧ್ಯಾಹ್ನ ಐದೇ ನಿಮಿಷದಲ್ಲಿ ಕೊಳವೆ ಹತ್ತಿತು. ಕಪ್ಪಿಗೆ ತಿರುಗಿದ ರಕ್ತ ಮನಸ್ಸಿಲ್ಲದ ಮನಸ್ಸಿನಿಂದ ಇಳಿಯತೊಡಗಿತು. ದೊಡ್ಡಕ್ಕ ಆ ಕಪಾಟನ್ನೇ ನೋಡುತ್ತ ನಿಂತಳು. ಕಿಟಕಿಯ ಗುಮಾಸ್ತ ಕೂರುವ ಜಾಗಕ್ಕೂ ಈ ಕಪಾಟಿಗೂ ನಡುವೆ ಎಷ್ಟು ದೂರ? ಎರಡು ಬಾಗಿಲು, ಒಂದು ಪಡಸಾಲೆ. ಕೂಗಬೇಕೆನಿಸಿತು. ಯಾರನ್ನು ಕೂಗುವುದು ಎಂದು ತಿಳಿಯಲಿಲ್ಲ. ಈ ಕೋಣೆಯಲ್ಲಿದ್ದ ಯಾರೂ ಆ ಬೀಗ ಹಾಕಿದವರಲ್ಲ.

"ಅಕ್ಕ," ಎಂದಳು ಕೆಂಪಿ ಮಂಚದಿಂದ. ಒಂದೊಂದೇ ಅಕ್ಷರ ಹೆಕ್ಕಿ ಕೂಡಿಸುತ್ತಿದ್ದಳು. "ನೀನು... ಸರಿ ಬರ್ತಿದೆ... ಅಂದೆ."

"ಅಂದೆ."

ಕೆಂಪಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಲು ನೋಡಿದಳು. ಅದೂ ಅರ್ಧಕ್ಕೇ ನಿಂತಿತು.

ಡಾಕ್ಟರಮ್ಮ ಕಾಗದದ ಹಲಗೆ ಹಿಡಿದು ಮತ್ತೆ ಬಂದಳು. ಬಲಗೈ ಎತ್ತಿ ಎಂದಳು. ಕೆಂಪಿ ಕೊಳವೆ ಅಲುಗದಂತೆ ನಾಲ್ಕು ಬೆರಳು ಎತ್ತಿದಳು. ಬಲಗಾಲು ಎತ್ತಿ ಎಂದಳು. ಎತ್ತಿದಳು.

"ಎಡಗೈ?"

ಕೆಂಪಿ ಹುಬ್ಬು ಗಂಟಿಕ್ಕಿದಳು. ಕುತ್ತಿಗೆಯ ನರ ಉಬ್ಬಿತು. ಎಡಗೈ ಹಾಸಿನ ಮೇಲೆ ಹಾಗೇ ಇತ್ತು.

"ಎತ್ತಿದೀನಿ," ಎಂದಳು.

"ಎತ್ತಿದೀರಾ?"

"ಹೂಂ. ಎತ್ತಿ...ದೀನಲ್ಲ." ಡಾಕ್ಟರಮ್ಮ ಬರೆದುಕೊಳ್ಳುವುದನ್ನು ಕಂಡು ಅವಳಿಗೆ ಅನುಮಾನ ಬಂತು. ಕಣ್ಣು ಹೊರಳಿಸಿ ಓರಗಿತ್ತಿಯನ್ನು ಹುಡುಕಿದಳು. ಕೋಪ ಇನ್ನೂ ಆ ಕಣ್ಣಲ್ಲಿ ಇತ್ತು, ಆದರೆ ನಂಬಲು ಅಲ್ಲಿ ಬೇರೆ ಯಾರೂ ಇರಲಿಲ್ಲ. "ಅಕ್ಕ, ಹೇಳು. ಎತ್ತಿದೀನಿ ತಾನೆ?"

ದೊಡ್ಡಕ್ಕ ಮಂಚದ ಕಬ್ಬಿಣದ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಇಲ್ಲ ಕಣೇ," ಎಂದಳು. "ಎತ್ತಿಲ್ಲ."